ಕೊಟ್ರೇಶಣ್ಣನ ಕಿವಿ

ಪಿ.ಬಿ. ರೋಡಿನ ನನ್ನ ಗ್ಯಾರೇಜಿಗೆ
ಯಾವ ಊರಿನ ಲಾರಿ ಬಂದು ನಿಂತರೂ
ಮೊದಲು ಪಾನಾ ಹಿಡಿಯುವವನಲ್ಲ ನಾನು.
ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ
ಹಿಡಿಯನ್ನು ಕಿವಿಯ ಎಲುಬಿಗೆ ಒತ್ತಿ
ಕಣ್ಣು ಮುಚ್ಚುತ್ತೇನೆ.
ಮೂರನೇ ಸಿಲಿಂಡರಿನ ಬೇರಿಂಗ್ ಸವೆದಿದೆ,
ಟ್ಯಾಪೆಟ್ ಸಡಿಲ, ಡೀಸೆಲ್ ಪಂಪಿಗೆ ಗಾಳಿ ಹಿಡಿದಿದೆ.
ಇಪ್ಪತ್ತೆರಡು ವರ್ಷದಲ್ಲಿ ತಪ್ಪು ಹೇಳಿದ್ದು
ಎರಡು ಸಲವೋ ಮೂರು ಸಲವೋ.
ಕೊಟ್ರೇಶಣ್ಣನ ಕಿವಿ ಅಂದರೆ
ಹರಿಹರದ ತನಕ ಗೊತ್ತು.

ಅದೇ ಕಿವಿ ಹೊತ್ತು ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗುತ್ತಿದ್ದೆ.

ಢಣ್!
ತಟ್ಟೆ ಇಟ್ಟಳು ದಾಕ್ಷಾಯಣಿ.
ರೊಟ್ಟಿಗಿಂತ ಮೊದಲು ಆ ಸದ್ದನ್ನೇ ಮುರಿದು ನೋಡುತ್ತಿದ್ದೆ:
ಇದು ಸಿಟ್ಟು, ತವರಿಗೆ ಕಳಿಸಲಿಲ್ಲವೆಂದು.
ಲೋಟ ಠಣ್ಣೆಂದರೆ, ಅವಳಣ್ಣನಿಗೆ ಕೊಟ್ಟ ಸಾಲ ಕೇಳಿದ್ದಕ್ಕೆ.
ಕುಕ್ಕರಿನ ಮುಚ್ಚಳ ಮಾತ್ರ ಅವ್ವನ ಪಾಲಿಗೆ.

ಅವ್ವ ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತ
"ಮೂರು ಸಲ ಕರದೆ, ಓ ಅನ್ನಲಿಲ್ಲ ನೋಡು.
ಕಿವಿ ಕೇಳಂಗಿಲ್ಲೇನು ನಿನ್ ಹೆಂಡ್ತಿಗೆ?"
ಎಂದಿದ್ದಾಳೆ ಎಷ್ಟೋ ಸಲ.
ಬೈಗುಳವೆಂದೇ ಅಂದಿದ್ದು, ಬೈಗುಳವೆಂದೇ ಕೇಳಿದ್ದು.
ನಿಜ ಅದರೊಳಗೇ ಕೂತಿತ್ತು,
ಮಂಡಕ್ಕಿಯಲ್ಲಿ ಉಳಿದ ಭಟ್ಟಿಯ ಮರಳಿನ ಹಾಗೆ.
ಹಲ್ಲಿಗೆ ಸಿಗದಂತೆ ನುಂಗಿದೆವು ಎಲ್ಲರೂ.

ಹನ್ನೊಂದು ವರ್ಷ.
ಅವಳ ತಟ್ಟೆಗೆ ನನ್ನ ಬಾಗಿಲು ಉತ್ತರ.
ಊಟ ಬಿಟ್ಟೆದ್ದು, ಗಡಿಯಾರ ಕಂಬದ ಹತ್ತಿರ
ಮಿರ್ಚಿ ತಿಂದು ತಿರುಗಿ ಬಂದ ರಾತ್ರಿಗಳೆಷ್ಟೋ.
ಒಂದು ದೀಪಾವಳಿಗೆ ಸೀರೆಯನ್ನೇ ತರಲಿಲ್ಲ ನಾನು,
ಸಾರಿನ ಸೌಟು ಬಿದ್ದ ರೀತಿ ಸರಿಯಿರಲಿಲ್ಲವೆಂದು.

ಕಂಡುಹಿಡಿದವಳು ಮಗಳು, ಸಿಂಚನ.
"ಅಪ್ಪಾ, ಅಮ್ಮ ಯಾವತ್ತೂ ಬಲಗಿವಿಗೇ ಫೋನ್ ಹಿಡಿತಾಳೆ.
ಎಡಗಡೆ ಮಲಗಿ ಗುಟ್ಟು ಹೇಳಿದ್ರೆ ಸುಮ್ನೆ ನಗ್ತಾಳೆ.
ಏನಂದೆ ಹೇಳು ಅಂದ್ರೆ
ಮತ್ತೂ ನಗ್ತಾಳೆ."

ಆಸ್ಪತ್ರೆಯ ಗಾಜಿನ ಕೋಣೆ.
ಸದ್ದು ಕೇಳಿದಾಗ ಬೆರಳೆತ್ತಬೇಕು.
ಈಚೆ ಹುಡುಗಿ ಗುಂಡಿ ತಿರುಗಿಸುತ್ತಾಳೆ, ಕೆಂಪು ದೀಪ ಮಿನುಗುತ್ತದೆ,
ಆಚೆ ದಾಕ್ಷಾಯಣಿಯ ಬೆರಳು
ಮಡಿಲಲ್ಲೇ ಇದೆ. ಮಡಿಲಲ್ಲೇ ಇದೆ.
ಪರೀಕ್ಷೆ ಬರೆಯುವ ಮಕ್ಕಳ ಮುಖ ಅವಳದು.
ಎಡಗಿವಿ ಮುಕ್ಕಾಲು, ಬಲಗಿವಿ ಅರ್ಧ ಹೋಗಿದೆ ಅಂದರು ಡಾಕ್ಟರಮ್ಮ.
"ಎಷ್ಟು ವರ್ಷದಿಂದ?"
ನಾನು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ.

ಬರುವಾಗ ರೈಲ್ವೆ ಗೇಟು ಹಾಕಿತ್ತು.
ಗೂಡ್ಸ್ ಗಾಡಿ ಪೂರ್ತಿ ಹೋಗಲೆಂದು ಕಾದು, ಆಮೇಲೆ ಹೇಳಿದಳು:
"ದಿನಾ ಊಟಕ್ಕೆ ಕೂತಾಗ ಬಾಯೊಳಗೇ ಏನೋ ಗೊಣಗ್ತಿದ್ರಿ.
ನನಗೇ ಬೈತೀರಿ ಅಂದ್ಕೊಂಡಿದ್ದೆ."
ಉಪ್ಪು ಕೇಳಿದ್ದು ಅದರಲ್ಲಿತ್ತು.
ಎಣಗಾಯಿ ಚೆನ್ನಾಗಿದೆ ಅಂದದ್ದೂ ಇತ್ತು.

ಈಗ ಯಂತ್ರ ಬಂದಿದೆ, ಹುಣಸೆಬೀಜದಷ್ಟು.
ಮೊದಲ ದಿನ ತನ್ನ ಬಳೆಗೇ ಬೆಚ್ಚಿ ತಿರುಗಿದಳು.
ತಟ್ಟೆ ಇಟ್ಟಳು, ಎತ್ತಿದಳು, ಮತ್ತೆ ಇಟ್ಟಳು.
"ಇಷ್ಟು ಜೋರಾ? ಇಷ್ಟು ವರ್ಷ ಇಷ್ಟು ಜೋರಾ?"
"ದುಡ್ಡು ಹೆಚ್ಚಾಗೈತೆ, ಕಿವಿಗೊಂದು ಹೊಸ ಒಡವೆ"
ಅನ್ನುತ್ತಾಳೆ ಅವ್ವ ಗೋಡೆಯ ಕಡೆ ತಿರುಗಿ.
ಅದೂ ಈಗ ಪೂರ್ತಿ ಕೇಳಿಸುತ್ತದೆ ಪಾಪ.

ನಿನ್ನೆ ರಾತ್ರಿ ತಟ್ಟೆ ಇಟ್ಟಳು.
ಸದ್ದೇ ಇಲ್ಲ.
ಗ್ರೀಸಿನಲ್ಲಿ ಹೊಸ ಬೇರಿಂಗ್ ಕೂತ ಹಾಗೆ.
ರೊಟ್ಟಿ ಮುರಿಯುವ ಕೈ ನಿಂತಿತು ನನ್ನದು:
ಯಾಕೆ ಇಷ್ಟು ಮೆಲ್ಲಗೆ?
ಏನಿದೆ ಮನಸ್ಸಿನಲ್ಲಿ?
ಬೆಳಿಗ್ಗೆ ಏನಂದೆ ನಾನು?

ಕೇಳಿಯೇಬಿಟ್ಟೆ, "ಯಾಕೆ, ಸಿಟ್ಟಾ?"

ಕೂತದ್ದು ಅವಳ ಎಡಕ್ಕೆ.
ಯಂತ್ರ ಚಾರ್ಜಿಗೆ ಹಾಕಿತ್ತು, ದೇವರ ಗೂಡಿನ ಪಕ್ಕ.
ಸುಮ್ಮನೆ ನಕ್ಕಳು.